ಖಾಲಿ ಚೀಟಿ ತೆಗೆದುಬಿಡಿ: ಶಾಲೆ ಮುಂದಿನ ಅಂಗಡಿಯವರಿಗೆ ಒಂದು ಬಹಿರಂಗ ಪತ್ರ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಶಾಲೆಯ ಗೇಟಿನ ಮುಂದೆ, ಬಸ್ ಸ್ಟ್ಯಾಂಡಿನ ಮಗ್ಗುಲಲ್ಲಿ, ಜಾತ್ರೆಯ ಸಾಲಿನಲ್ಲಿ ಮಕ್ಕಳಿಗೆ ತಿಂಡಿ, ಆಟದ ಸಾಮಾನು ಮಾರುವ ಅಣ್ಣಂದಿರಿಗೆ, ಅಕ್ಕಂದಿರಿಗೆ, ಅಜ್ಜ-ಅಜ್ಜಿಯರಿಗೆ,

ನಾನು ಈ ಸೀಮೆಯ ಹೈಸ್ಕೂಲುಗಳಲ್ಲಿ ಬಹುಕಾಲ ಲೆಕ್ಕದ ಮೇಷ್ಟರಾಗಿದ್ದವನು. ನಿಮ್ಮಲ್ಲಿ ಕೆಲವರು ನನ್ನ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೂ ಇದ್ದೀರಿ. ಈಗ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ನನಗಿಂತ ಚುರುಕಾಗಿ ಲೆಕ್ಕ ಹಾಕುತ್ತೀರಿ. ಸಂತೋಷ. ಆದ್ದರಿಂದಲೇ ಈ ಕಾಗದವನ್ನು ಬಿಇಓ ಕಚೇರಿಗೋ ಪುರಸಭೆಗೋ ಬರೆಯದೆ ನೇರ ನಿಮಗೇ ಬರೆಯುತ್ತಿದ್ದೇನೆ. ನಿಮ್ಮ ಅಂಗಡಿ ಎತ್ತಿಸಬೇಕೆಂಬ ಆಸೆ ನನಗಿಲ್ಲ. ಶಾಲೆ ಮುಂದೆ ಒಂದು ಪೆಟ್ಟಿಗೆ ಅಂಗಡಿ ಇರಬೇಕು, ಅಲ್ಲಿ ಐದು ರೂಪಾಯಿಗೆ ಏನಾದರೂ ಸಿಗಬೇಕು, ಮಗು ಕಾಸು ಕೊಟ್ಟು ಚಿಲ್ಲರೆ ಎಣಿಸಿ ತೆಗೆದುಕೊಳ್ಳುವುದನ್ನು ಕಲಿಯಬೇಕು. ಕೂಡುವ ಕಳೆಯುವ ಲೆಕ್ಕವನ್ನು ನಾನು ಕಪ್ಪು ಹಲಗೆ ಮೇಲೆ ಕಲಿಸಿದ್ದಕ್ಕಿಂತ ಚೆನ್ನಾಗಿ ನಿಮ್ಮ ಅಂಗಡಿ ಕಲಿಸಿದೆ.

ನನ್ನ ತಕರಾರು ಒಂದೇ. ನಿಮ್ಮ ಅಂಗಡಿಯ ಬಾಗಿಲಿಗೆ ದಾರ ಕಟ್ಟಿ ನೇತುಹಾಕಿರುತ್ತೀರಲ್ಲ, ಆ ಲಾಟರಿ ರಟ್ಟು. ನಡುವೆ ಸಿನಿಮಾ ನಟನ ಚಿತ್ರ, ಸುತ್ತ ಪ್ಲಾಸ್ಟಿಕ್ ಕವರಿನಲ್ಲಿ ಪಿನ್ನು ಹೊಡೆದಿಟ್ಟ ಉಂಗುರ, ಪೀಪಿ, ಬಾಚಣಿಗೆ, ಮಿಣಮಿಣ ಅನ್ನುವ ಕನ್ನಡಕ. ಮೇಲ್ಗಡೆ ಮೂಲೆಯಲ್ಲಿ, ಎಲ್ಲರ ಕಣ್ಣಿಗೂ ಬೀಳುವಂತೆ, ಒಂದು ಕೈಗಡಿಯಾರ. ಕೆಳಗಡೆ ಮಡಿಸಿ ಅಂಟಿಸಿದ ಸಣ್ಣ ಸಣ್ಣ ಚೀಟಿಗಳು. ಮಗು ಕಾಸು ಕೊಡುತ್ತದೆ, ಒಂದು ಚೀಟಿ ಕೀಳುತ್ತದೆ, ಉಗುರಿನಿಂದ ಅಂಟು ಬಿಡಿಸಿ ನೋಡುತ್ತದೆ. ನಂಬರ್ ಇದ್ದರೆ ಆ ನಂಬರಿನ ಸಾಮಾನು. ಇಲ್ಲದಿದ್ದರೆ ಇಲ್ಲ. ಚೀಟಿಗಳೆಲ್ಲ ಮುಗಿಯುತ್ತ ಬಂದರೂ ಗಡಿಯಾರ ಮಾತ್ರ ಅಲ್ಲೇ ತೂಗುತ್ತಿರುತ್ತದೆ. ಗಡಿಯಾರದ ಚೀಟಿಯನ್ನು ಮೊದಲೇ ಕಿತ್ತು ಜೇಬಿಗೆ ಹಾಕಿಕೊಂಡ ಅಂಗಡಿಯವರನ್ನು ನಾನು ಬಲ್ಲೆ. ಹೆಸರು ಹೇಳುವುದಿಲ್ಲ. ಬಲೂನಿನ ರಟ್ಟಿನ ಕಾಲದಿಂದಲೂ ಈ ಕೈಚಳಕ ನಡೆದುಬಂದಿದೆ. ಮೇಲಿನ ದೊಡ್ಡ ಬಲೂನು ಯಾವ ಹುಡುಗನ ಕೈಗೂ ಬಾರದೆ ಅಲ್ಲೇ ಕೂತು ಕೂತು ಗಾಳಿಗೆ ಒಣಗಿ ಸೀಳುತ್ತಿತ್ತು.

ದೊಡ್ಡವರ ಲಾಟರಿ ಕರ್ನಾಟಕದಲ್ಲಿ 2007ರಲ್ಲಿ ನಿಂತಿತು. ಮಕ್ಕಳದು ನಿಂತಿಲ್ಲ.

ಅದೃಷ್ಟದ ಆಟವೇ ಬೇಡ ಎಂದು ಹೇಳಲು ಹೊರಟಿದ್ದೇನೆ ಎಂದುಕೊಳ್ಳಬೇಡಿ. ಏನು ಬರುತ್ತದೋ ಎಂದು ಎದೆ ಡವಡವ ಅನ್ನುವ ಸುಖ ಮಕ್ಕಳಿಗೆ ಬೇಕೇ ಬೇಕು, ದೊಡ್ಡವರಿಗೂ ಬೇಕು. ಅದೇ ಸುಖವನ್ನು ಮೋಸವಿಲ್ಲದೆ ಮಾರಿ ಅರವತ್ತು ವರ್ಷ ಬದುಕಿರುವ ಒಂದು ವ್ಯಾಪಾರ ಜಪಾನಿನಲ್ಲಿದೆ. ಅದರ ವಿಚಾರ ನಿಮಗೆ ಹೇಳಬೇಕು.

ನನ್ನ ತಂಗಿಯ ಮಗ ಟೋಕಿಯೋ ಕಡೆ ಕೆಲಸದಲ್ಲಿದ್ದಾನೆ. ಯುಗಾದಿಗೆ ತೋಟದ ಮನೆಗೆ ಬಂದವನು ಒಂದು ಚೀಲದ ತುಂಬ ಪ್ಲಾಸ್ಟಿಕ್ ಉಂಡೆ ತಂದಿದ್ದ. ಅಂಗೈಯಲ್ಲಿ ಹಿಡಿಸುವಂಥವು, ಅರ್ಧ ಪಾರದರ್ಶಕ, ಅರ್ಧ ಬಣ್ಣ. ಒತ್ತಿ ತಿರುಗಿಸಿದರೆ ಎರಡು ಹೋಳಾಗುತ್ತವೆ. ಒಳಗೆ ಒಂದು ಪುಟ್ಟ ಗೊಂಬೆ, ಜೊತೆಗೆ ಸುರುಳಿ ಸುತ್ತಿದ ಒಂದು ಕಾಗದ. ನನ್ನ ಮೊಮ್ಮಗಳ ಪಾಲಿಗೆ ಬಂದದ್ದು ನೀಲಿ ಸಮವಸ್ತ್ರ ಹಾಕಿದ, ಆಫೀಸಿಗೆ ಹೋಗುವ ಒಬ್ಬ ಹೆಣ್ಣುಮಗಳು. ಹೆಬ್ಬೆರಳಿನಷ್ಟು ಎತ್ತರ. ಎರಡು ಕೈಯನ್ನೂ ಮುಂದೆ ಚಾಚಿದ್ದಾಳೆ. ಅವಳನ್ನು ಲೋಟದ ಅಂಚಿಗೆ ನೇತುಹಾಕಬೇಕಂತೆ. ನಮ್ಮ ಮನೆಯ ಸ್ಟೀಲ್ ಲೋಟಕ್ಕೆ ಹಾಕಿದೆವು, ಸರಿಯಾಗಿ ಕೂತಳು. ಕಾಫಿ ಕುಡಿಯಲು ಬಂದ ನಮ್ಮಮ್ಮ ಕನ್ನಡಕ ಏರಿಸಿ ನೋಡಿ, ‘ಯಾವಳೋ ಇವಳು, ನನ್ನ ಕಾಫಿಗೆ ಬೀಳಾಕೆ ಹೊಂಟಿರೋಳು?’ ಅಂದರು. 2012ರಲ್ಲಿ ಕಿತಾನ್ ಕ್ಲಬ್ ಎಂಬ ಸಣ್ಣ ಕಂಪನಿ ಕತ್ಸುಕಿ ತನಾಕಾ ಎಂಬ ಚಿತ್ರಕಾರರ ಜೊತೆ ಸೇರಿ ಹೊರತಂದ ಗೊಂಬೆ ಅದು, ಹೆಸರು ಫುಚಿಕೊ. ಕೊಂಡವರಲ್ಲಿ ಬಹುಪಾಲು ಮಕ್ಕಳಲ್ಲ, ಕಚೇರಿಗೆ ಹೋಗುವ ಹೆಂಗಸರು. ಕೋಟಿಗಟ್ಟಲೆ ಹೋಯಿತು.

ಈ ಉಂಡೆ ಬರುವುದು ಒಂದು ಯಂತ್ರದಿಂದ. ಕರೆಂಟು ಬೇಡ. ಕಾಸು ತೂರಿಸಿದರೆ ಹಿಡಿಯ ಬೀಗ ಬಿಡುತ್ತದೆ. ಹಿಡಿ ತಿರುಗಿಸಿದರೆ ಒಳಗಿನ ತೂತಿನ ತಟ್ಟೆ ಸುತ್ತಿ, ತೂತಿಗೆ ಬಂದು ಕೂತ ಒಂದು ಉಂಡೆ ಕೆಳಗಿನ ಬಾಯಿಗೆ ಬೀಳುತ್ತದೆ. ಅಷ್ಟೇ ಕೆಲಸ. ಜಪಾನೀಯರು ಇದನ್ನು ಗಾಚಾ ಅನ್ನುತ್ತಾರೆ. ಮೂಲ ಯಂತ್ರ ಅಮೆರಿಕದ್ದು; ಅಲ್ಲಿ ಅದು ಉಂಡೆ ಚ್ಯೂಯಿಂಗ್ ಗಮ್ ಮಾರುತ್ತಿತ್ತು, ಜೊತೆಗೆ ಸಣ್ಣಪುಟ್ಟ ಆಟಿಕೆ. ಆ ಆಟಿಕೆಗಳಲ್ಲಿ ಎಷ್ಟೋ ಜಪಾನಿನಲ್ಲೇ ತಯಾರಾಗಿ ಹಡಗು ಹತ್ತುತ್ತಿದ್ದವು. ಟೋಕಿಯೋದಲ್ಲಿ ಪೆನ್ನಿ ಶೋಕಾಯ್ ಎಂಬ ಅಂಗಡಿ ನಡೆಸುತ್ತಿದ್ದ ರ್‍ಯೂಝೋ ಶಿಗೆತಾ ಯಂತ್ರವನ್ನೇ ತರಿಸಿ, ಆಟಿಕೆಯನ್ನು ಪ್ಲಾಸ್ಟಿಕ್ ಉಂಡೆಯೊಳಗೆ ಹಾಕಿ 1965ರಲ್ಲಿ ಮಾರಲು ಶುರುಮಾಡಿದರು. ಬೆಲೆ ಹತ್ತು ಯೆನ್. ಯಂತ್ರಗಳನ್ನು ಇಟ್ಟದ್ದೆಲ್ಲಿ ಗೊತ್ತೆ? ಮಕ್ಕಳಿಗೆ ಬಿಡಿ ಮಿಠಾಯಿ ಮಾರುವ ಅಜ್ಜ-ಅಜ್ಜಿಯರ ಅಂಗಡಿ ಮುಂದೆ. ಅಂದರೆ ನಿಮ್ಮಂಥವರ ಅಂಗಡಿ ಮುಂದೆ.

1977ರಲ್ಲಿ ಬಂದಾಯ್ ಎಂಬ ದೊಡ್ಡ ಆಟಿಕೆ ಕಂಪನಿ ಈ ವ್ಯಾಪಾರಕ್ಕೆ ಇಳಿಯಿತು. ಮಿಕ್ಕವರು ಹತ್ತಿಪ್ಪತ್ತು ಯೆನ್ನಿಗೆ ಮಾರುತ್ತಿದ್ದಾಗ ಇವರು ನೂರು ಯೆನ್ ಇಟ್ಟರು. ಮುಳುಗುತ್ತಾರೆ ಅಂತ ನಾವು ನೀವಾಗಿದ್ದರೆ ಹೇಳುತ್ತಿದ್ದೆವು. ಅವರು ಮಾಡಿದ್ದು ಇಷ್ಟೇ: ಒಳಗಿನ ಸಾಮಾನನ್ನು ನೂರು ಯೆನ್ ಬಾಳುವಂತೆ ಮಾಡಿದರು. 1983ರಿಂದ ಕುಸ್ತಿಪಟುಗಳ ಒಂದು ಕಾಮಿಕ್ಸಿನ ಪಾತ್ರಗಳನ್ನು ರಬ್ಬರಿನಲ್ಲಿ ಅಚ್ಚು ಹಾಕಿ ಬಿಟ್ಟರು. ಒಟ್ಟು 418 ಬಗೆ. ಹೋದದ್ದು ಸುಮಾರು 18 ಕೋಟಿ ಗೊಂಬೆ. ಈಗ ಒಂದು ಉಂಡೆಗೆ ಮುನ್ನೂರು, ನಾನೂರು, ಐನೂರು ಯೆನ್ ಆಗಿದೆ. ಮುನ್ನೂರು ಅಂದರೆ ನಮ್ಮ ದುಡ್ಡಿನಲ್ಲಿ ನೂರೈವತ್ತಕ್ಕೂ ಮೇಲೆ. 2021ರಲ್ಲಿ ಟೋಕಿಯೋದ ಇಕೆಬುಕುರೋದಲ್ಲಿ ತೆರೆದ ಒಂದೇ ಅಂಗಡಿಯಲ್ಲಿ 3,010 ಯಂತ್ರ ಸಾಲಾಗಿ ನಿಂತಿದ್ದವು. ಗಿನ್ನೆಸ್ ಪುಸ್ತಕದಲ್ಲಿ ದಾಖಲಾಯಿತು.

ತಂಗಿಯ ಮಗ ಇದನ್ನೆಲ್ಲ ಮೊಬೈಲಿನಲ್ಲಿ ತೋರಿಸುತ್ತಿದ್ದಾಗ ನನ್ನ ಕಣ್ಣು ನೆಟ್ಟದ್ದು ಯಂತ್ರದ ಮುಖಕ್ಕೆ ಸಿಕ್ಕಿಸಿದ್ದ ಒಂದು ಹಾಳೆಯ ಮೇಲೆ. ಒಳಗೆ ಎಷ್ಟು ಬಗೆ ಇದೆ, ಯಾವ್ಯಾವುದು, ಎಲ್ಲದರ ಚಿತ್ರ ಆ ಹಾಳೆಯಲ್ಲಿರುತ್ತದೆ. ಬೆಲೆ ಇರುತ್ತದೆ. ಉಂಡೆಯೊಳಗಿನ ಸುರುಳಿ ಕಾಗದದಲ್ಲೂ ಅದೇ ಪಟ್ಟಿ. ಯಾವುದು ಬರುತ್ತದೆ ಎಂಬುದು ಅದೃಷ್ಟ. ಏನಾದರೂ ಬಂದೇ ಬರುತ್ತದೆ ಎಂಬುದು ಖಾತ್ರಿ. ಖಾಲಿ ಉಂಡೆ ಇಲ್ಲ, ‘ಮತ್ತೊಮ್ಮೆ ಪ್ರಯತ್ನಿಸಿ’ ಇಲ್ಲ. ಮಗುವಿನ ಕಾಸಿಗೆ ಸಾಮಾನು ಸಿಕ್ಕಿತು. ಬೇಕಾದ ಬಣ್ಣದ್ದು ಸಿಗಲಿಲ್ಲ ಎಂದು ಮುಖ ಊದಿಸಿಕೊಂಡರೂ ಕೈ ಬರಿದಾಗಿರುವುದಿಲ್ಲ. ಇದು ವ್ಯಾಪಾರ. ಖಾಲಿ ಚೀಟಿ ಮಾರುವುದು ಜೂಜು. ಎರಡರ ನಡುವಿನ ಗೆರೆ ಇದೇ, ಇದಕ್ಕಿಂತ ಸೂಕ್ಷ್ಮವಾದ ಗೆರೆ ನನಗೆ ಕಂಡಿಲ್ಲ.

ಹಾಗಂತ ಜಪಾನಿನವರೆಲ್ಲ ಸತ್ಯಹರಿಶ್ಚಂದ್ರರೇನಲ್ಲ. ಎಂಬತ್ತರ ದಶಕದಲ್ಲಿ ಕಾಸ್ಮೋಸ್ ಎಂಬ ಕಂಪನಿ ಇಂಥವೇ ಯಂತ್ರಗಳನ್ನು ಊರೂರಿಗೆ ಇಟ್ಟು ನಕಲಿ ಮಾಲು ತುಂಬಿ ಹೆಸರುವಾಸಿಯಾಗಿತ್ತು. 1988ರಲ್ಲಿ ಬಾಗಿಲು ಹಾಕಿತು. ಅದೇ ಹೊತ್ತಿಗೆ ಲೊಟ್ಟೆ ಎಂಬ ಮಿಠಾಯಿ ಕಂಪನಿ ಬಿಕ್ಕುರಿಮಾನ್ ಅಂತ ಒಂದು ಚಾಕಲೇಟು ಮಾರುತ್ತಿತ್ತು, ಪೊಟ್ಟಣಕ್ಕೊಂದು ದೇವರದೋ ರಾಕ್ಷಸನದೋ ಸ್ಟಿಕ್ಕರು. ಅಪರೂಪದ ಸ್ಟಿಕ್ಕರಿಗಾಗಿ ಮಕ್ಕಳು ಪೊಟ್ಟಣದ ಮೇಲೆ ಪೊಟ್ಟಣ ಕೊಂಡು, ಸ್ಟಿಕ್ಕರು ಇಟ್ಟುಕೊಂಡು ಚಾಕಲೇಟನ್ನು ಚರಂಡಿಗೆ ಎಸೆಯತೊಡಗಿದರು. 1988ರಲ್ಲಿ ಅಲ್ಲಿನ ವ್ಯಾಪಾರ ಆಯೋಗ ಕಂಪನಿಯನ್ನು ಕರೆದು, ಎಲ್ಲ ಬಗೆಯ ಸ್ಟಿಕ್ಕರನ್ನೂ ಸಮವಾಗಿ ಬೆರೆಸಿ ಎಂದು ತಾಕೀತು ಮಾಡಿತು. 2012ರಲ್ಲಿ ಮೊಬೈಲ್ ಆಟಗಳ ಸರದಿ. ಇಂತಿಂಥ ಚಿತ್ರಗಳ ಪೂರ್ತಿ ಸೆಟ್ಟು ಕೂಡಿಸಿದರೆ ದೊಡ್ಡ ಬಹುಮಾನ ಎಂದು ಹುಡುಗರಿಂದ ದುಡ್ಡು ಸುಲಿಯುತ್ತಿದ್ದ ಪದ್ಧತಿ ಕಾನೂನಿಗೆ ವಿರುದ್ಧ ಎಂದು ಗ್ರಾಹಕ ಇಲಾಖೆ ಹೇಳಿತು. ಚಿಕ್ಕ ಮಕ್ಕಳ ಚಿಲ್ಲರೆ ಕಾಸಿನ ವಿಚಾರಕ್ಕೆ ಒಂದು ಸರ್ಕಾರ ಎರಡೆರಡು ಸಲ ಎದ್ದು ಕೂತದ್ದು ನನಗಂತೂ ದೊಡ್ಡದಾಗಿ ಕಂಡಿತು.

ನಮ್ಮಲ್ಲೂ ಇದರ ದಾಯಾದಿಗಳು ಬಂದು ಹೋಗಿವೆ, ನೀವೇ ಮಾರಿದ್ದೀರಿ. ಎಂಬತ್ತರ ದಶಕದ ಕೊನೆಗೆ ಬಿಗ್ ಫನ್ ಬಬಲ್‌ಗಮ್ಮಿನ ಜೊತೆ ಕ್ರಿಕೆಟ್ ಆಟಗಾರರ ಚೀಟಿ ಬರುತ್ತಿತ್ತು, ಒಂದರಲ್ಲಿ ರನ್ನು, ಇನ್ನೊಂದರಲ್ಲಿ ವಿಕೆಟ್ಟು. ಕೂಡಿಟ್ಟು ಕೊಟ್ಟರೆ ಬಹುಮಾನ. ನನ್ನ ತರಗತಿಯಲ್ಲಿ ಲೆಕ್ಕ ಬಾರದವನೆಂದು ಹೆಸರಾದ ಹುಡುಗನೊಬ್ಬ ಇಡೀ ತರಗತಿಯ ರನ್ನುಗಳನ್ನು ಬಾಯಲ್ಲೇ ಕೂಡಿ ಹೇಳುತ್ತಿದ್ದ. ಆಮೇಲೆ ಚಿಪ್ಸ್ ಪೊಟ್ಟಣದೊಳಗೆ ಪೋಕೆಮಾನ್ ಚಿತ್ರದ ಟಾಜೋ ಬಿಲ್ಲೆ. ಈಗ ಕಿಂಡರ್ ಜಾಯ್. ಈ ಮೊಟ್ಟೆಯ ಹಳೆಯ ರೂಪದಲ್ಲಿ ಆಟಿಕೆ ಚಾಕಲೇಟಿನ ಹೊಟ್ಟೆಯೊಳಗೇ ಇರುತ್ತದೆ. ತಿನ್ನುವ ಮಿಠಾಯಿಯೊಳಗೆ ತಿನ್ನಬಾರದ ವಸ್ತು ಇಡಕೂಡದೆಂಬ 1938ರ ಕಾನೂನಿನಿಂದಾಗಿ ಅಮೆರಿಕದಲ್ಲಿ ಅದಕ್ಕೆ ಪ್ರವೇಶವೇ ಇಲ್ಲ. ನಮ್ಮಲ್ಲಿ ಬರುವುದರಲ್ಲಿ ತಿನ್ನುವ ಭಾಗ ಒಂದು ಹೋಳಿನಲ್ಲಿ, ಆಟಿಕೆ ಇನ್ನೊಂದು ಹೋಳಿನಲ್ಲಿ. ಮಹಾರಾಷ್ಟ್ರದ ಬಾರಾಮತಿಯಲ್ಲೇ ಅದರ ಕಾರ್ಖಾನೆಯಿದೆ. ಅದರಲ್ಲೂ ನೋಡಿ, ಖಾಲಿ ಮೊಟ್ಟೆ ಇಲ್ಲ. ದೊಡ್ಡ ಕಂಪನಿಗಳಿಗೆ ಆಗುವ ಈ ಮರ್ಯಾದೆ ನಮ್ಮ ಅಂಗಡಿ ಬಾಗಿಲಿನ ರಟ್ಟಿಗೆ ಯಾಕೆ ಆಗದು?

ಇನ್ನು ನನ್ನ ಕಸುಬಿನ ಮಾತು. ಒಂದು ಡಬ್ಬದಲ್ಲಿ ಆರು ಬಗೆಯ ಗೊಂಬೆ ಇವೆ, ಆರೂ ಸಮಸಮ ಬೆರೆತಿವೆ ಅಂದುಕೊಳ್ಳಿ. ಆರನ್ನೂ ಕೂಡಿಸಲು ಮಗು ಎಷ್ಟು ಸಲ ಕಾಸು ಹಾಕಬೇಕು? ಆರು ಎನ್ನುವವನಿಗೆ ಸೊನ್ನೆ ಮಾರ್ಕು. ಮೊದಲ ಸಲ ಯಾವುದು ಬಂದರೂ ಹೊಸದು. ಎರಡನೆಯ ಹೊಸದಕ್ಕೆ ಸರಾಸರಿ 1.2 ಸಲ. ಹೀಗೆ ಏರುತ್ತ ಹೋಗಿ, ಐದು ಕೈಗೆ ಬಂದಮೇಲೆ ಉಳಿದ ಆ ಒಂದಕ್ಕೇ ಸರಾಸರಿ ಆರು ಸಲ ಹಾಕಬೇಕಾಗುತ್ತದೆ. ಒಟ್ಟು ಕೂಡಿದರೆ 14.7. ಸಲಕ್ಕೆ ಹತ್ತು ರೂಪಾಯಿಯಾದರೆ ಸುಮಾರು ನೂರೈವತ್ತು ರೂಪಾಯಿ. ಈಗ ಇಬ್ಬರು ಮಕ್ಕಳು ಒಪ್ಪಂದ ಮಾಡಿಕೊಂಡು, ಎರಡೆರಡು ಬಂದದ್ದನ್ನು ಬದಲಾಯಿಸಿಕೊಂಡರೆ? ಬೇರೆ ಬೇರೆ ಹೋಗಿದ್ದರೆ ಇಬ್ಬರದೂ ಸೇರಿ ಇಪ್ಪತ್ತೊಂಬತ್ತರ ಮೇಲೆ ಆಗುತ್ತಿತ್ತು. ಕೂಡಿ ಹೋದರೆ ಇಪ್ಪತ್ತನಾಲ್ಕರ ಸುಮಾರಿಗೆ ಇಬ್ಬರ ಸೆಟ್ಟೂ ಪೂರ್ತಿಯಾಗುತ್ತದೆ. ಆರರಲ್ಲಿ ಒಂದನ್ನು ಅಂಗಡಿಯವರು ಮೊದಲೇ ತೆಗೆದಿಟ್ಟಿದ್ದರೆ ಮಾತ್ರ ಈ ಲೆಕ್ಕಕ್ಕೆ ಉತ್ತರವೇ ಇಲ್ಲ, ಮನೆ ಮಾರಿ ಕಾಸು ಹಾಕಿದರೂ ಸೆಟ್ಟು ಪೂರ್ತಿಯಾಗದು. ಶಾಲೆಯ ಮೇಷ್ಟರುಗಳು ಈ ಪತ್ರ ಓದುತ್ತಿದ್ದರೆ ದಯವಿಟ್ಟು ಈ ಲೆಕ್ಕವನ್ನು ಎಂಟನೇ ತರಗತಿಯಲ್ಲಿ ಮಾಡಿಸಿ. ಹುಡುಗರು ನಿದ್ದೆ ಹೋಗುವುದಿಲ್ಲ.

ಕೂಡಿಡುವ ಚಟದ ಬಗ್ಗೆ ಮೇಷ್ಟರುಗಳಿಗೂ ತಾಯಂದಿರಿಗೂ ಸಿಟ್ಟು ಜಾಸ್ತಿ, ಅದು ಅನ್ಯಾಯ. ಬೆಂಕಿಪೊಟ್ಟಣದ ಚಿತ್ರ, ಸಿಗರೇಟು ಪ್ಯಾಕಿನ ಮುಖ, ಸೋಡಾ ಬಾಟಲಿನ ಬಿರಡೆ, ಹುಣಸೆ ಬೀಜ, ಏನು ಕೂಡಿಡದೆ ಬೆಳೆದೆವು ನಾವು? ಬೆಂಕಿಪೊಟ್ಟಣದ ಚಿತ್ರಗಳಲ್ಲಿ ಯಾವುದಕ್ಕೆ ಎಷ್ಟು ಬೆಲೆ ಎಂಬುದನ್ನು ತೀರ್ಮಾನಿಸುತ್ತಿದ್ದದ್ದು ಹುಡುಗರೇ. ಅಪ್ಪಂದಿರಿಗೆ ಆ ಪೇಟೆ ಧಾರಣೆಯ ಗಂಧವೂ ಇರಲಿಲ್ಲ. ದಸರಾ ಗೊಂಬೆ ಕೂರಿಸುವ ಮನೆಗಳಲ್ಲಿ ಪಟ್ಟದ ಗೊಂಬೆಯ ಸುತ್ತ ವರ್ಷಕ್ಕೊಂದಾದರೂ ಹೊಸ ಗೊಂಬೆ ಸೇರಬೇಕೆಂಬ ಶಾಸ್ತ್ರವೇ ಇದೆ. ಹೆಂಗಸರು ಅಜ್ಜಿಯ ಕಾಲದ ಮಣ್ಣಿನ ಶೆಟ್ಟಿ-ಶೆಟ್ಟಿತಿಯನ್ನು ಹಳೆ ಸೀರೆಯಲ್ಲಿ ಸುತ್ತಿಟ್ಟು ಕಾಪಾಡುತ್ತಾರೆ. ಮೊಮ್ಮಗ ಹತ್ತು ಟಾಜೋ ಬಿಲ್ಲೆಯನ್ನು ಜಾಮಿಟ್ರಿ ಬಾಕ್ಸಿನಲ್ಲಿ ಇಟ್ಟರೆ ಮಾತ್ರ ಕಿತ್ತು ಎಸೆಯುತ್ತಾರೆ. ಜಪಾನಿನಲ್ಲಿ ದೊಡ್ಡವರೇ ಈ ಗೊಂಬೆಗಳನ್ನು ಗಾಜಿನ ಬೀರುವಿನಲ್ಲಿ ಜೋಡಿಸುತ್ತಾರೆ; ತಮಗೆ ಬೇಕಾದದ್ದು ಯಂತ್ರದಲ್ಲಿ ಬರದಿದ್ದರೆ ಟೋಕಿಯೋದ ನಕಾನೋ ಬ್ರಾಡ್‌ವೇಯಂಥ ಕಡೆ ಬಿಚ್ಚಿಟ್ಟು ಮಾರುವ ಅಂಗಡಿಗೆ ಹೋಗಿ ಅದೊಂದನ್ನೇ ಆರಿಸಿ ತರುತ್ತಾರೆ. ಅದೃಷ್ಟಕ್ಕೂ ಒಂದು ಹಿಂಬಾಗಿಲು.

ನಾವು ಕೊಬ್ಬರಿ ಸೀಮೆಯವರು, ಕಾಣದ ಸಾಮಾನಿನ ವ್ಯಾಪಾರ ನಮಗೆ ಹೊಸದಲ್ಲ. ಮಟ್ಟೆ ಸಮೇತ ಅಟ್ಟಕ್ಕೆ ಏರಿಸಿದ ಕಾಯಿ ಹೆಚ್ಚುಕಮ್ಮಿ ಒಂದು ವರ್ಷ ಅಲ್ಲೇ ಕೂರುತ್ತದೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಸುಲಿದು ಒಡೆಯುವವರೆಗೆ ಒಳಗಿರುವುದು ಬಿಳಿ ಉಂಡೆಯೋ ಕೌಟೋ ದೇವರಿಗೇ ಗೊತ್ತು. ಆದರೆ ಮಾರುಕಟ್ಟೆಗೆ ತಂದಮೇಲೆ? ತಿಪಟೂರಿನ ಎಪಿಎಂಸಿ ಪ್ರಾಂಗಣದಲ್ಲಿ ಚೀಲ ಬಿಚ್ಚಿ, ಕೈಹಾಕಿ, ತಳದಿಂದ ನಾಲ್ಕು ಕೊಬ್ಬರಿ ಎತ್ತಿ ನೋಡದೆ ಯಾವ ವರ್ತಕ ಬೆಲೆ ಬರೆದಾನು? ಮೇಲೆ ಒಳ್ಳೆಯದು ಹರಡಿ ಕೆಳಗೆ ಕೌಟು ತುಂಬಿದವನನ್ನು ಎರಡನೆಯ ಸಲ ಯಾರಾದರೂ ಮಾತಾಡಿಸಿದ್ದುಂಟೇ? ಬೆಂಬಲ ಬೆಲೆಗಿಂತ ಧಾರಣೆ ಕೆಳಗಿಳಿದ 2023ರಂಥ ವರ್ಷದಲ್ಲೂ ಈ ನಿಯಮ ಕದಲಲಿಲ್ಲ. ವರ್ತಕನಿಗೆ ಸಿಗುವ ಈ ಹಕ್ಕು ಐದು ರೂಪಾಯಿ ಹಿಡಿದು ಬಂದ ಮಗುವಿಗೂ ಸಿಗಲಿ ಎಂಬುದು ನನ್ನ ವಾದ. ಅದಕ್ಕೆ ಚೀಲ ಬಿಚ್ಚುವುದು ಬೇಡ. ಪಟ್ಟಿ ಅಂಟಿಸಿದರೆ ಸಾಕು.

ಇಷ್ಟು ಬರೆದಮೇಲೆ ಇನ್ನೊಂದು ಆಸೆಯನ್ನೂ ಹೇಳಿಬಿಡುತ್ತೇನೆ. ಟೋಕಿಯೋ ಪಕ್ಕದ ಸೈತಾಮಾ ಪ್ರಾಂತದ ಓಮಿಯಾದಲ್ಲಿ 2021ರಲ್ಲಿ ಒಂದು ತಮಾಷೆ ನಡೆಯಿತು. ದೊಡ್ಡ ಕಂಪನಿಯ ಗೊಂಬೆ ಬೇಡವೆಂದು, ಆ ಊರಿನವರಿಗಷ್ಟೇ ಗೊತ್ತಿರುವ ಜಾಗ, ಬೋರ್ಡುಗಳನ್ನೇ ಕೀಲಿಕೈ ಗೊಂಚಲು ಮಾಡಿ ಉಂಡೆಯೊಳಗೆ ಹಾಕಿ ಮಾರಿದರು. ಜನ ಮುಗಿಬಿದ್ದರು. ಅದನ್ನು ನೋಡಿ ಬೇರೆ ಬೇರೆ ಊರಿನವರೂ ತಮ್ಮ ತಮ್ಮ ಊರಿನದ್ದು ಮಾಡಿಕೊಂಡರು. ಸಾರ್ವಜನಿಕ ಟೆಲಿಫೋನು, ಬಸ್ ನಿಲ್ಲಿಸಲು ಒತ್ತುವ ಗುಂಡಿ, ಇಂಥ ದಿನನಿತ್ಯದ ವಸ್ತುಗಳ ಪುಟ್ಟ ಪ್ರತಿಗಳಿಗೂ ಅಲ್ಲಿ ಗಿರಾಕಿ ಇದ್ದಾರೆ.

ನಮ್ಮ ಮೂರು ತಾಲ್ಲೂಕಿಗೆ ಇಂಥದ್ದೊಂದು ಸಾಲು ಮಾಡುವುದಾದರೆ ಏನೇನು ಇರಬೇಕು ಎಂದು ಒಂದು ಸಂಜೆ ಮೊಮ್ಮಗಳೂ ನಾನೂ ಕೂತು ಪಟ್ಟಿ ಮಾಡಿದೆವು. ಅರಳಗುಪ್ಪೆ ಕಲ್ಲೇಶ್ವರ ಗುಡಿಯ ಮಾಡಿನಲ್ಲಿ ಕುಣಿಯುತ್ತಿರುವ ಶಿವ. ತುರುವೇಕೆರೆ ಗಂಗಾಧರೇಶ್ವರನ ಮುಂದಿನ ಕರಿಯ ನಂದಿ. ದಸರೀಘಟ್ಟದ ಚೌಡೇಶ್ವರಿಯನ್ನು ಸೇರಿಸೋಣ ಎಂದಳು; ದೇವರನ್ನು ಲಾಟರಿಗೆ ಹಾಕುವುದು ಬೇಡ ಎಂದು ನಮ್ಮಮ್ಮ ಒಳಗಿನಿಂದಲೇ ಗದರಿದರು, ಹಾಗಾಗಿ ಶಿವನೂ ನಂದಿಯೂ ಪಟ್ಟಿಯಿಂದ ಹೋದರು. ಉಳಿದದ್ದು: ಕಾಯಿ ತುಂಬಿದ ಎತ್ತಿನ ಗಾಡಿ, ಕೊಬ್ಬರಿ ಚೀಲ, ತಿಪಟೂರು ರೈಲು ನಿಲ್ದಾಣದ ಹಳದಿ ಬೋರ್ಡು, ಕೆ.ಬಿ. ಕ್ರಾಸಿನ ಮೈಲಿಗಲ್ಲು, ಗರಿಯ ಪೀಪಿ, ಮರ ಹತ್ತಿ ಕೂತ ಕಾಯಿ ಕೀಳುವವ. ಆರು ಆಯಿತು. ಲೋಟದ ಅಂಚಿಗೆ ನೇತಾಡುವ ಹೆಣ್ಣುಮಗಳಿಗೆ ಕೋಟಿಗಟ್ಟಲೆ ಗಿರಾಕಿಗಳು ಇರುವಾಗ, ತೆಂಗಿನ ಮರದಂಥ ಪೆನ್ಸಿಲಿಗೆ ಅಪ್ಪಿ ಕೂರುವ ನಮ್ಮ ಕಾಯಿ ಕೀಳುವವನಿಗೆ ಒಂದು ಸಾವಿರ ಜನವಾದರೂ ಸಿಗರೇ? ಬೆಂಗಳೂರಿನಲ್ಲಿ ಇರುವ ನಮ್ಮ ಊರಿನ ಹುಡುಗರೇ ಅಷ್ಟು ಕೊಂಡಾರು.

ಮಾಡುವವರು ಯಾರು ಎನ್ನುತ್ತೀರಿ. ನಮ್ಮಲ್ಲಿ ಚಿಪ್ಪಿಗೆ ಬರವಿಲ್ಲ. ಹೆಚ್ಚಿನದು ಇದ್ದಿಲಿಗೆ ಹೋಗುತ್ತದೆ. ಚಿಪ್ಪನ್ನು ಕೊರೆದು ಗುಂಡಿ, ಉಂಗುರ, ಆಮೆ ಮಾಡುವ ಕೆಲಸ ಸ್ತ್ರೀಶಕ್ತಿ ಸಂಘದವರ ಕೈಗೆ ಆಗದ ಕೆಲಸವೇನಲ್ಲ. ಮರದ್ದು ಬೇಕೆಂದರೆ ಚನ್ನಪಟ್ಟಣ ದೂರವಿಲ್ಲ. ಅಲ್ಲಿ ಹಾಲೆ ಮರವನ್ನು ಲೇತಿಗೆ ಕೊಟ್ಟು, ಸುತ್ತುತ್ತಿರುವಾಗಲೇ ಅರಗಿನ ಬಣ್ಣ ಒತ್ತಿ ಮಿರಿಮಿರಿ ಮಿಂಚಿಸುತ್ತಾರೆ. ಹೆಬ್ಬೆರಳ ಗಾತ್ರದ ಬುಗುರಿ ಅವರಿಗೆ ನೀರು ಕುಡಿದಷ್ಟು ಸಲೀಸು. ಆ ಊರಿನ ಗೊಂಬೆ ಕಸುಬಿನ ಹಿರಿಯ ಬಾವಾಸ್ ಮಿಯಾ ಜಪಾನಿನ ತಂತ್ರವನ್ನು ಇಲ್ಲಿಗೆ ತಂದರು ಎಂಬ ಮಾತು ಚನ್ನಪಟ್ಟಣದಲ್ಲಿ ಬಹುಕಾಲದಿಂದ ಇದೆ. ಅಂದಮೇಲೆ ಜಪಾನಿನಿಂದ ಇನ್ನೊಂದು ಉಪಾಯ ತರುವುದಕ್ಕೆ ನಾಚಿಕೆ ಯಾಕೆ?

ಕಾನೂನಿನ ಮಾತನ್ನೂ ಹೇಳಿಬಿಡಬೇಕು. ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ಮಾಡಿದ್ದಕ್ಕೆ ವಿನಾಯಿತಿ ಇದೆ. ಚನ್ನಪಟ್ಟಣದಂತೆ ಭೌಗೋಳಿಕ ಗುರುತು ಪಡೆದ ಆಟಿಕೆಗಳಿಗೂ ಇದೆ. ನಿಮ್ಮ ಲಾಟರಿ ರಟ್ಟಿನ ಪೀಪಿ, ಕನ್ನಡಕಗಳನ್ನು ತಿರುಗಿಸಿ ನೋಡಿ, ಆ ಗುರುತು ಎಲ್ಲಿದೆ ಹುಡುಕಿ. ಬಾಯಿಗೆ ಹೋಗುವಷ್ಟು ಚಿಕ್ಕ ಸಾಮಾನನ್ನು ಅಂಗನವಾಡಿ ವಯಸ್ಸಿನ ಕೂಸುಗಳ ಕೈಗೆ ಕೊಡಲೇಬೇಡಿ, ಅಕ್ಕನ ಕೈ ಹಿಡಿದು ಬಂದಿದ್ದರೂ ಸರಿ. ಗಂಟಲಿಗೆ ಸಿಕ್ಕಿಕೊಂಡರೆ ಇಲ್ಲಿಂದ ದೊಡ್ಡಾಸ್ಪತ್ರೆಗೆ ಎಷ್ಟು ಹೊತ್ತಿನ ದಾರಿ ಎಂಬುದು ನಿಮಗೂ ಗೊತ್ತು. ಪ್ಲಾಸ್ಟಿಕ್ ಉಂಡೆಯ ವಿಚಾರದಲ್ಲಿ ಜಪಾನಿನವರಿಗೇ ತಲೆನೋವಿದೆ. ಯಂತ್ರದ ಪಕ್ಕ ಖಾಲಿ ಉಂಡೆ ಹಾಕುವ ಡಬ್ಬ ಇಡುತ್ತಾರೆ. 2018ರಲ್ಲಿ ಬಂದಾಯ್‌ನವರು ಮುಟ್ಟಿದರೆ ಮುದುಡಿ ಉಂಡೆಯಾಗುವ ಹುಳವನ್ನೇ ಆಟಿಕೆ ಮಾಡಿ, ಉಂಡೆಯಾಗಿ ಸುತ್ತಿಕೊಂಡ ಹುಳವೇ ಯಂತ್ರದಿಂದ ಉರುಳಿ ಬರುವಂತೆ ಮಾಡಿದರು, ಹೊರಗಿನ ಡಬ್ಬಿಯೇ ಬೇಡವಾಯಿತು. ನಮಗೆ ಯಂತ್ರವೂ ಬೇಡ, ಪ್ಲಾಸ್ಟಿಕ್ಕೂ ಬೇಡ. ಒಂದು ಮಣ್ಣಿನ ಗಡಿಗೆ ಸಾಕು. ಬಾಯಿಗೆ ಬಟ್ಟೆ ಕಟ್ಟಿ, ಕೈ ಹೋಗುವಷ್ಟು ತೂತು ಬಿಟ್ಟು, ಒಳಗೆ ಕಾಗದದಲ್ಲಿ ಸುತ್ತಿದ ಸಾಮಾನು ಹಾಕಿಡಿ. ಮಗು ಕೈಹಾಕಿ ಒಂದು ಎತ್ತಲಿ.

ಲಾಭ ಕಡಿಮೆಯಾಗುತ್ತದೆ ಎಂದು ನೀವು ಹೇಳುವುದು ನನಗೆ ಕೇಳಿಸುತ್ತಿದೆ. ಆಗುತ್ತದೆ, ಒಂದು ರಟ್ಟಿನ ಮೇಲೆ ಖಂಡಿತ ಕಡಿಮೆಯಾಗುತ್ತದೆ. ಖಾಲಿ ಚೀಟಿಗೆ ಸಾಮಾನಿನ ಖರ್ಚಿಲ್ಲವಲ್ಲ. ಆದರೆ ಎರಡು ಸಲ ಖಾಲಿ ಚೀಟಿ ಕಿತ್ತ ಹುಡುಗ ಮೂರನೆಯ ಸಲ ನಿಮ್ಮ ಅಂಗಡಿ ದಾಟಿ ಮುಂದಿನ ಅಂಗಡಿಗೆ ಹೋಗುತ್ತಾನೆ. ಆರರಲ್ಲಿ ನಾಲ್ಕು ಕೂಡಿಸಿದವನು ಎಲ್ಲಿಗೂ ಹೋಗುವುದಿಲ್ಲ, ಮಾರನೆಯ ದಿನ ಬೆಲ್ಲು ಹೊಡೆದ ಕೂಡಲೇ ನಿಮ್ಮ ಮುಂದೆಯೇ ನಿಂತಿರುತ್ತಾನೆ, ಬದಲಾಯಿಸಿಕೊಳ್ಳಲು ಗೆಳೆಯನನ್ನೂ ಕರೆತರುತ್ತಾನೆ. ಬಂದಾಯ್‌ನವರು ನೂರು ಯೆನ್ನಿಗೆ ಏರಿಸಿಯೂ ಮುಳುಗದೆ ಉಳಿದದ್ದು ಈ ಗಿರಾಕಿಯಿಂದಲೇ.

ಕೆಂಪಮ್ಮನ ಜಾತ್ರೆ, ಬೇಟೆರಾಯಸ್ವಾಮಿ ತೇರು, ರಂಗಾಪುರದ ಜಾತ್ರೆ, ಹುಳಿಯಾರು ಕಡೆಯ ಜಾತ್ರೆಗಳು, ಎಲ್ಲಕ್ಕೂ ನೀವು ಸಾಮಾನು ಹೊಂದಿಸುತ್ತೀರಿ. ಈ ಸಲ ರಟ್ಟು ತರುವಾಗ ಮೂರು ಕೆಲಸ ಮಾಡಿ. ಖಾಲಿ ಚೀಟಿಗಳನ್ನು ನೀವೇ ಕಿತ್ತು ಒಲೆಗೆ ಹಾಕಿ, ಇಲ್ಲವೇ ಪ್ರತಿ ಖಾಲಿ ಚೀಟಿಗೂ ಒಂದು ಪೆಪ್ಪರಮೆಂಟನ್ನಾದರೂ ಕೊಡಿ. ಒಳಗೆ ಏನೇನಿದೆ, ಎಷ್ಟೆಷ್ಟಿದೆ ಎಂಬುದನ್ನು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ರಟ್ಟಿನ ಪಕ್ಕ ಅಂಟಿಸಿ. ಗಡಿಯಾರದ ಚೀಟಿ ಉಳಿದ ಚೀಟಿಗಳ ನಡುವೆಯೇ ಇರಲಿ. ಅದು ಯಾರಿಗಾದರೂ ಹೋದ ದಿನ ಆ ಮಗುವಿನ ಹೆಸರು ಕೂಗಿ ಹೇಳಿ, ಅದಕ್ಕಿಂತ ದೊಡ್ಡ ಜಾಹೀರಾತು ನಿಮಗೆ ಬೇಕಿಲ್ಲ.

ಪಟ್ಟಿ ಬರೆಯಲು ಅಕ್ಷರ ಚೆನ್ನಾಗಿಲ್ಲ ಎನ್ನುವವರು ಹಾಳೆ, ಸ್ಕೆಚ್ ಪೆನ್ನು ತಂದುಕೊಡಿ. ನಾನು ಬರೆದುಕೊಡುತ್ತೇನೆ, ದುಡ್ಡು ಬೇಡ.

ಇಂತಿ ನಿಮ್ಮ,
ಒಬ್ಬ ಹಳೆಯ ಲೆಕ್ಕದ ಮೇಷ್ಟರು